ಎರವಲು ಕೊಟ್ಟ ಮೂಗು

ಹೋದ ವಾರ ಅರಸೀಕೆರೆ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತಾ ಕೂತಿದ್ದೆ. ಪಕ್ಕದಲ್ಲಿ ತೆಂಗಿನಕಾಯಿ ಮೂಟೆ ಇಳಿಸಿಕೊಂಡು ಕೂತ ಗಂಡಸಿ ಕಡೆಯವರೊಬ್ಬರು ನನ್ನನ್ನೇ ಎರಡು ಮೂರು ಸಲ ನೋಡಿದರು. ಆಮೇಲೆ, "ನೀವು ಹಳೇಬೀಡಲ್ಲಿ ಮೇಷ್ಟ್ರಾಗಿದ್ದೋರಲ್ವಾ?" ಎಂದರು. ಹೌದೆಂದೆ.

"ನಮ್ಮೂರ ಡ್ರೈವರಣ್ಣ ಹೋಗ್ಬುಟ್ರು ಕಣ್ರೀ. ಎರಡು ತಿಂಗಳಾಯ್ತು. ನಿಮ್ಮ ಮಾತು ಬಾಳ ಆಡೋರು. ಮೇಷ್ಟ್ರ ಮೂಗಿನಂಥ ಮೂಗು ಈ ಸೀಮೇಲೇ ಇಲ್ಲ ಅನ್ನೋರು."

ಸಾವಿನ ಸುದ್ದಿಗೆ ಮನಸ್ಸು ಹೇಗೋ ಒಗ್ಗಿಕೊಳ್ಳುತ್ತದೆ, ವಯಸ್ಸಾದವರು ಹೋಗುತ್ತಾರೆ. ಆದರೆ ಕೊನೆಯವರೆಗೂ ಆ ಮನುಷ್ಯ ನನ್ನ ಮೂಗನ್ನು ಹೊಗಳುತ್ತಿದ್ದರು ಎಂಬ ಮಾತು ಎದೆಗೆ ಗುದ್ದಿದಂತಾಯಿತು. ಅವರ ಅನ್ನ ನಿಂತಿದ್ದದ್ದು ನನ್ನ ಮೂಗಿನ ಮೇಲೆ. ಅದನ್ನು ಕೆಡವಿದ್ದೂ ಅದೇ ಮೂಗು. ರೈಲು ಬಂತು, ಮೂಟೆಯವರು ಹತ್ತಿ ಹೋದರು. ನನ್ನ ರೈಲೂ ಬಂದು ಹೋಯಿತು. ನಾನು ಬೆಂಚಿನ ಮೇಲೆಯೇ ಇದ್ದೆ.

ಇದನ್ನು ಈಗಲಾದರೂ ಬರೆಯಬೇಕು.

ನಾನು ಹಳೇಬೀಡಿನ ಸ್ಕೂಲಿಗೆ ವರ್ಗವಾಗಿ ಬಂದಾಗ ಆ ಸುತ್ತಿನಲ್ಲಿ ಬಾಡಿಗೆಗೆ ಸಿಗುವ ಕಾರು ಇದ್ದದ್ದು ಒಂದೇ. ಊರಿಗಂಟಿದ ಬಸ್ತಿಹಳ್ಳಿಯ ಸಾಹುಕಾರರದು. ಅವರು ಜೈನರು, ಜಮೀನಿದ್ದವರು, ಮಾತು ಕಡಿಮೆ. ಯಾರೋ ಕಾಫಿ ತೋಟದ ದೊರೆ ಊರು ಬಿಡುವಾಗ ಮಾರಿದ ಆ ಕರೀ ಕಾರನ್ನು ಕೊಂಡು, ಅರಸೀಕೆರೆ ಸ್ಟೇಷನ್ನಿಗೆ ಬಂದಿಳಿಯುವ ಯಾತ್ರಿಕರನ್ನು ಹಳೇಬೀಡು ಬೇಲೂರು ತೋರಿಸಿ ಮತ್ತೆ ರೈಲಿಗೆ ಬಿಡುವ ವ್ಯವಹಾರ ಇಟ್ಟುಕೊಂಡಿದ್ದರು. ಅದನ್ನು ಓಡಿಸುತ್ತಿದ್ದವರು ಗಂಡಸಿಯವರು. ಹೆಸರು ಹಿಡಿದು ಕರೆದವರನ್ನು ನಾನು ಕಾಣೆ, ಊರಿಗೆಲ್ಲ ಡ್ರೈವರಣ್ಣ. ಸಾಹುಕಾರರೂ ಹಾಗೆಯೇ ಕರೆಯುತ್ತಿದ್ದರು.

ಎತ್ತರದ ಆಳು. ಖಾಕಿ ಕೋಟು, ತಲೆಗೆ ಬಿಳೀ ರುಮಾಲು, ಕಾಲಿಗೆ ಏನೂ ಇಲ್ಲ. ಬರಿಗಾಲಲ್ಲೇ ಬ್ರೇಕು ತುಳಿಯುತ್ತಿದ್ದರು. ಯಾಕೆ ಎಂದು ಕೇಳಿದರೆ, "ಜೋಡು ಹಾಕ್ಕಂಡ್ರೆ ಗಾಡಿ ಏನ್ ಹೇಳ್ತೈತೆ ಅಂತ ಕಾಲಿಗೆ ಗೊತ್ತಾಗಲ್ಲ" ಎನ್ನುವರು. ದಾರಿಗೆ ದನ ಅಡ್ಡ ಬಂದರೆ ಹಾರನ್ನಿನ ರಬ್ಬರು ಉಂಡೆ ಹಿಂಡುತ್ತಿರಲಿಲ್ಲ. ಕಾರು ನಿಲ್ಲಿಸಿ ಕೈಕಟ್ಟಿ ಕೂರುವರು. ಹಿಂದೆ ಕೂತ ಸಾಹೇಬರು ಚಡಪಡಿಸಿದರೆ, "ಅದರ ದಾರಿ ಅದು, ಮೊದ್ಲಿಂದ್ಲೂ ನಡೀತಿದ್ದದ್ದು. ನಾವು ನಿನ್ನೆ ಬಂದೋರು" ಎಂದು ಕನ್ನಡದಲ್ಲೇ ಹೇಳುವರು. ಸಾಹೇಬರಿಗೆ ಅರ್ಥವಾಗದಿದ್ದರೂ ದನಿಗೆ ಸುಮ್ಮನಾಗುತ್ತಿದ್ದರು.

ಭಾನುವಾರಗಳಲ್ಲಿ ನನ್ನ ಅರೆಬೆಂದ ಇಂಗ್ಲಿಷನ್ನು ಅವರು ಜೊತೆಗೆ ಕರೆದೊಯ್ಯುತ್ತಿದ್ದರು. ಒಮ್ಮೆ ಒಬ್ಬ ದೊರೆಸಾನಿ ಹಳೇಬೀಡಿನ ದೇವಸ್ಥಾನ ಸುತ್ತಿ ಬಂದು, ಇಷ್ಟು ಕೆತ್ತಿದವರು ಪೂರ್ತಿ ಯಾಕೆ ಮಾಡಲಿಲ್ಲ ಎಂದು ಕೇಳಿದಳು. ಪ್ರಶ್ನೆಯನ್ನು ಕನ್ನಡದಲ್ಲಿ ಹೇಳಿ, ನಾನು ಇತಿಹಾಸ ಹೇಳಲು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಡ್ರೈವರಣ್ಣ, "ಮುಗ್ಸಿದ್ರೆ ನೀವು ಒಂದೇ ಸಲ ಬತ್ತಿದ್ರಿ ತಾಯಿ" ಎಂದರು. ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಆಕೆ ಮರುವರ್ಷ ನಿಜವಾಗಿಯೂ ಬಂದಳು.

ಆ ಕಾರಿನ ಹೆಸರುವಾಸಿ ಅದರ ತಂಪಿನಿಂದ. ಅರಸೀಕೆರೆಯಿಂದ ಬಾಣಾವರ, ಜಾವಗಲ್ ದಾಟಿ ಬರುವ ದಾರಿ ಬೇಸಗೆಯಲ್ಲಿ ಕಾದ ಹೆಂಚು. ಡ್ರೈವರಣ್ಣ ತಾವೇ ಕೂತು ಹಿಂದಿನ ಕಿಟಕಿಗಳ ಅಳತೆಗೆ ತಂತಿಯ ಚೌಕಟ್ಟು ಕಟ್ಟಿ, ಅದಕ್ಕೆ ಲಾವಂಚದ ಬೇರು ಹೆಣೆದು ತಟ್ಟಿ ಮಾಡಿದ್ದರು. ಕಾರಿನ ತಲೆಯ ಮೇಲೆ ತಗಡಿನ ನೀರುಡಬ್ಬ. ಅದರ ತಳದ ಸಣ್ಣ ತೂತುಗಳಿಂದ ತಟ್ಟಿಯ ಮೇಲೆ ಹನಿ ಹನಿ ನೀರು. ಕಾರು ಓಡಿದಂತೆಲ್ಲ ಗಾಳಿ ಒದ್ದೆ ಬೇರಿನೊಳಗೆ ನುಗ್ಗಿ ಒಳಗೆ ಕೂತವರಿಗೆ ಬಾವಿಯೊಳಗೆ ಇಳಿದಷ್ಟು ತಣ್ಣಗೆ. ತಂಪು ಸೋರಿಹೋಗಬಾರದೆಂದು ಮುಂದಿನ ಸೀಟಿಗೂ ಹಿಂದಿನ ಸೀಟಿಗೂ ನಡುವೆ ದಪ್ಪ ಪರದೆ ಬೇರೆ ಇಳಿಬಿಟ್ಟಿದ್ದರು. ಡ್ರೈವರಣ್ಣ ಮಾತ್ರ ಮುಂದೆ ಬಿಸಿಲಿಗೆ ಬೇಯುವರು. ಡಬ್ಬಕ್ಕೆ ಹುಯ್ಯುವ ನೀರನ್ನು ಸಾಹುಕಾರರ ಅಪ್ಪಣೆಯಂತೆ ಬಟ್ಟೆಯಲ್ಲಿ ಸೋಸಬೇಕು. ಕುಡಿಯುವ ನೀರಿಗಿದ್ದ ನೇಮವೇ ಕಾರಿನ ನೀರಿಗೂ. ಹೊತ್ತು ಮುಳುಗುವ ಮೊದಲು ಕಾರು ಬಸ್ತಿಹಳ್ಳಿ ಸೇರಬೇಕು, ಯಾಕೆಂದರೆ ಆ ಮನೆಯಲ್ಲಿ ಕತ್ತಲಾದ ಮೇಲೆ ಎಲೆ ಹಾಕುವುದಿಲ್ಲ, ಡ್ರೈವರಣ್ಣನ ಊಟವೂ ಅಲ್ಲೇ.

ಹೊಸ ಲಾವಂಚ ಇರುವವರೆಗೆ ಎಲ್ಲವೂ ಸೊಗಸು. ಒಂದು ಬೇಸಗೆ, ತಿಂಗಳೊಪ್ಪತ್ತು ಕಳೆಯುವಷ್ಟರಲ್ಲಿ ಕಾರು ಮುಗ್ಗಲು ವಾಸನೆ ಹಿಡಿಯಿತು. ಮಳೆಗಾಲದಲ್ಲಿ ಒಣಗದೆ ಉಳಿದ ಹಾಸಿಗೆಯ ವಾಸನೆ. ಹತ್ತಿದವರು ಮೊದಮೊದಲು ಕರ್ಚೀಫು ಹಿಡಿದರು. ಒಂದು ದಿನ ಬೆಂಗಳೂರಿನ ಕಡೆಯ ದೊಡ್ಡ ಅಧಿಕಾರಿಯೊಬ್ಬರ ಹೆಂಡತಿ ಬೇಲೂರಿನಲ್ಲಿ ಇಳಿದವರು ಮತ್ತೆ ಹತ್ತುವುದಿಲ್ಲ ಎಂದು ಹಟ ಹಿಡಿದು, ಗಂಡನನ್ನೂ ಕರೆದುಕೊಂಡು ಜಟಕಾದಲ್ಲಿ ಹಳೇಬೀಡಿಗೆ ಬಂದರು! ಕಾರು ಬಿಟ್ಟು ಜಟಕಾ! ಖಾಲಿ ಕಾರು ಜಟಕಾದ ಹಿಂದೆ ನಿಧಾನಕ್ಕೆ ಬಂದದ್ದನ್ನು ಊರೆಲ್ಲ ನೋಡಿತು. ಸಾಹುಕಾರರು ಅಂದು ಎರಡೇ ಮಾತು ಆಡಿದರಂತೆ: "ಇನ್ನೊಂದು ಸಲ ಹಿಂಗಾದರೆ ಬೇರೆಯವರನ್ನ ನೋಡ್ಬೇಕಾಗುತ್ತೆ."

ಡ್ರೈವರಣ್ಣ ಪಟ್ಟ ಪಾಡು ಹೇಳತೀರದು. ತಟ್ಟಿ ಬಿಸಿಲಿಗಿಟ್ಟರು, ಕೋಲಿನಿಂದ ಬಡಿದರು. ಸೀಟಿನ ಮೇಲೆ ಮರುಗ, ಪಚ್ಚೆತೆನೆ ತಂದು ಹರಡಿದರು. ಕೊನೆಗೆ ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿ, ಬಾಣಂತಿ ಕೋಣೆಗೆ ಹಾಕುವಂತೆ, ಬಾಗಿಲು ಮುಚ್ಚಿ ಧೂಪ ಹಾಕಿದರು. ಮುಗ್ಗಲಿಗೆ ಸಾಂಬ್ರಾಣಿ ಕೂಡಿ ಕಾರು ಬಾವಲಿ ಸೇರಿದ ಗುಡಿಯಂತಾಯಿತು. ಅವರು ಪ್ರತಿ ಸಲವೂ ತಲೆ ಒಳಗೆ ಹಾಕಿ, ಸೊರ್ ಎಂದು ಉಸಿರೆಳೆದು, "ಈಗ ಪರವಾಗಿಲ್ಲ ಅಲ್ವಾ ಮೇಷ್ಟ್ರೇ?" ಎನ್ನುವರು. ನನಗೆ ರೇಗುತ್ತಿತ್ತು. ಕಾರು ನಿಲ್ಲಿಸುವ ಕೊಟ್ಟಿಗೆ ಬಸ್ತಿಹಳ್ಳಿಯಲ್ಲಿದ್ದ ನನ್ನ ಬಾಡಿಗೆ ಕೋಣೆಯ ಎದುರಿಗೇ ಇತ್ತು, ವಾಸನೆ ನನ್ನ ಕಿಟಕಿವರೆಗೂ ಬರುತ್ತಿತ್ತು.

ಒಂದು ಬೆಳಿಗ್ಗೆ ನಾನೇ ಹೋಗಿ ನಾಯಿಯ ಹಾಗೆ ಮೂಸುತ್ತಾ ಹುಡುಕಿದೆ. ವಾಸನೆ ತಟ್ಟಿಯದಲ್ಲ. ತಟ್ಟಿಯಿಂದ ಇಳಿದ ನೀರು ಬಾಗಿಲೊಳಕ್ಕೆ ಹೋಗದಿರಲೆಂದು ಕಿಟಕಿಯ ಕೆಳಗೆ ಒಂದು ತಗಡಿನ ದೋಣಿ ಮಾಡಿದ್ದರು. ಸದ್ದಾಗದಿರಲೆಂದು ಅದರೊಳಗೆ ಗೋಣಿತಾಟು ಮಡಿಸಿಟ್ಟಿದ್ದರು. ಅದು ಎರಡು ತಿಂಗಳಿಂದ ನೆನೆದು ಕೊಳೆತು ಕಪ್ಪಾಗಿತ್ತು. ಬೆರಳಲ್ಲಿ ಎತ್ತಿದರೆ ಎಳೆ ಎಳೆಯಾಗಿ ಬಂತು. ಗೋಣಿ ಕಿತ್ತು, ದೋಣಿ ತಿಕ್ಕಿ, ನೀರು ನಿಲ್ಲದಂತೆ ಮೂಲೆಗೊಂದು ತೂತು ಕೊರೆದ ಮೇಲೆ ನಾಲ್ಕೇ ದಿನಕ್ಕೆ ಕಾರು ಶುದ್ಧ. ಡ್ರೈವರಣ್ಣ ನನ್ನ ಎರಡೂ ಕೈ ಹಿಡಿದುಕೊಂಡರು. ಕಣ್ಣಲ್ಲಿ ನೀರಿತ್ತು. ಒಂದು ಗೋಣಿ ತುಂಡಿಗೆ ಇಷ್ಟೊಂದೇ ಎಂದು ನನಗೆ ಆಶ್ಚರ್ಯ.

ಕಾರಣ ಗೊತ್ತಾದದ್ದು ತಿಂಗಳ ಮೇಲೆ. ಅವತ್ತು ಬೇಲೂರಿಗೆ ಹೋಗಬೇಕಿತ್ತು. ಕೊಟ್ಟಿಗೆಗೆ ಹೋದರೆ ಡ್ರೈವರಣ್ಣ ಹಿಂದಿನ ಬಾಗಿಲು ತೆರೆದುಕೊಂಡು, ಕಾರಿನ ಮೆಟ್ಟಿಲ ಮೇಲೆ ಕೂತು ಚಿತ್ರಾನ್ನ ತಿನ್ನುತ್ತಿದ್ದರು. ಹತ್ತು ಹೆಜ್ಜೆ ದೂರದಲ್ಲೇ ಕೊಳೆತ ನಾತ ಮೂಗಿಗೆ ಬಡಿಯಿತು. "ಬನ್ನಿ ಮೇಷ್ಟ್ರೇ, ನಿನ್ನೆ ಹೊಸ ಲಾವಂಚ ಕಟ್ಟಿದೆ. ಘಮ ಘಮ ಅಂತೈತೆ ಅಲ್ವಾ?" ಎಂದರು, ತುತ್ತು ಬಾಯಿಗಿಡುತ್ತಾ.

ಮೂಗು ಮುಚ್ಚಿಕೊಂಡು ಬಗ್ಗಿ ನೋಡಿದೆ. ಸೀಟಿನ ಅಡಿಯಲ್ಲಿ ಹೆಗ್ಗಣ ಸತ್ತು ಊದಿಕೊಂಡು ಬಿದ್ದಿತ್ತು. ಅವರ ಬುತ್ತಿಯಿಂದ ಒಂದು ಗೇಣು ಆಚೆ. ಇರುವೆ ಸಾಲು ಹೆಗ್ಗಣದಿಂದ ಬುತ್ತಿಗೂ ಬುತ್ತಿಯಿಂದ ಹೆಗ್ಗಣಕ್ಕೂ ಓಡಾಡುತ್ತಿತ್ತು.

ನನ್ನ ಮುಖ ನೋಡಿ ಅವರೂ ಬಗ್ಗಿದರು. ಎಲೆ ಕೈಯಿಂದ ಜಾರಿತು.

"ನಂಗೆ ವಾಸ್ನೆ ಇಲ್ಲ ಮೇಷ್ಟ್ರೇ" ಎಂದರು ಕೊನೆಗೆ. "ಊರೂರೇ ಮಲಗಿಸ್ತಲ್ಲ, ಆ ಜ್ವರದಾಗೆ ಹೋಯ್ತು. ಜ್ವರ ಬಿಡ್ತು, ಮೂಗು ಬರ್ಲಿಲ್ಲ. ಸಾರು ಸೀದ್ರೂ ಗೊತ್ತಾಗಲ್ಲ, ಮಲ್ಲಿಗೆ ಮುಡಿದ್ರೂ ಗೊತ್ತಾಗಲ್ಲ. ಪೆಟ್ರೋಲು ಸೋರಿದ್ರೆ ಕೈಯಾಗೆ ಮುಟ್ಟಿ ನೋಡ್ತೀನಿ. ಸಾಹುಕಾರ್ರಿಗೆ ತಿಳಿದ್ರೆ ನಾಳೆಯಿಂದ ಬ್ಯಾಡ ಅಂತಾರೆ. ಮೂಗಿಲ್ಲದೋನ ಕೈಗೆ ಕಾರು ಯಾರು ಕೊಡ್ತಾರೆ? ಮನೇಲಿ ಆರು ಬಾಯಿ ಅವೆ."

ಹಾಗಾದರೆ ಆ ಸೊರ್ ಎಂದು ಉಸಿರೆಳೆಯುವುದು? ದಿನಾ ಸಂಪಿಗೆ ಹೂವು ತಂದು ಮೂಸಿ, ಆಹಾ ಎಂದು ಸ್ಟೀರಿಂಗಿಗೆ ಸಿಕ್ಕಿಸುವುದು? ಎಲ್ಲ ನಾಟಕ. ವರ್ಷಗಟ್ಟಲೆ ಊರಿಗೇ ಮಂಕುಬೂದಿ ಎರಚಿದ್ದರು. ನನಗೆ ಕೋಪ ಬರಬೇಕಿತ್ತು. ಬಂದದ್ದು ಬೇರೆ. ಹೆಂಡತಿ ಮಾಡಿದ ಸಾರಿನ ಪರಿಮಳ ಇಲ್ಲದೆ ಮನುಷ್ಯ ಇಷ್ಟು ವರ್ಷ ಉಂಡಿದ್ದಾನಲ್ಲ ಎಂದು ಸಂಕಟವಾಯಿತು.

"ಯಾರಿಗೂ ಹೇಳೋದಿಲ್ಲ" ಎಂದೆ. "ದಿನಾ ಬೆಳಿಗ್ಗೆ ಹೊರಡೋ ಮೊದಲು ನನ್ನನ್ನ ಕರೀರಿ. ನಾನು ನೋಡ್ತೀನಿ."

ಅಂದಿನಿಂದ ಅದು ವಾಡಿಕೆಯಾಯಿತು. ಕೊಟ್ಟಿಗೆಯಿಂದ ಕೂಗುವರು: "ಮೇಷ್ಟ್ರೇ, ಒಂದ್ ಗಳಿಗೆ ಮೂಗು ಕೊಡಿ!" ನಾನು ಇಳಿದು ಹೋಗಿ ತಲೆ ಒಳಗೆ ಹಾಕಿ ತೀರ್ಪು ಹೇಳುವೆ. ಮುಗ್ಗಲು ಇದ್ದರೆ ತಟ್ಟಿ ಬದಲಿಸುವರು. ಊರಿನವರು ಇದನ್ನು ತಮಾಷೆಯೆಂದುಕೊಂಡರು, ಗೋಣಿ ಹುಡುಕಿದ ಮೇಷ್ಟ್ರಿಗೆ ಸಲ್ಲುವ ಗೌರವವೆಂದುಕೊಂಡರು. ಸಾಹುಕಾರರ ಅಕ್ಕ ತುಮಕೂರಿನ ಮಗಳ ಮನೆಯಿಂದ ಬಂದಾಗಲೆಲ್ಲ, "ಮೇಷ್ಟ್ರು ಕಾರಿಗೂ ಮಾರ್ಕ್ಸ್ ಹಾಕ್ತಾರೆ" ಎಂದು ನಗುತ್ತಿದ್ದರು. ಗಂಡನಿಲ್ಲದ ಹೆಂಗಸು, ಬಸದಿಯಲ್ಲಿ ಅವರು ಪುಸ್ತಕವಿಲ್ಲದೆ ಸ್ತೋತ್ರ ಹೇಳತೊಡಗಿದರೆ ಮುಗಿಯುವವರೆಗೂ ನಾವು ಹೊರಗೆ ನಿಂತು ಕೇಳುತ್ತಿದ್ದೆವು. ನಿಜ ಹೇಳಬೇಕೆಂದರೆ ನನಗೂ ಆ ಗೌರವ ರುಚಿಸಿತ್ತು. ಮೂಗಿಗೆ ಜಂಬ ಬಂದಿತ್ತು.

ಆಮೇಲೆ ಯುದ್ಧ ಬಂತು. ಪೆಟ್ರೋಲಿಗೆ ಕೂಪನ್ನಾಯಿತು, ಆಮೇಲೆ ಕೂಪನ್ನಿಗೂ ಪೆಟ್ರೋಲಿಲ್ಲ. ಬಸ್ಸುಗಳಂತೆ ಕಾರಿಗೂ ಬೆನ್ನಿಗೆ ಇದ್ದಿಲಿನ ಗ್ಯಾಸಿನ ಡ್ರಮ್ಮು ಕೂರಿಸಿದರು. ಬೆಳಿಗ್ಗೆ ಇದ್ದಿಲು ಹೊತ್ತಿಸಿ ಗಾಳಿ ಊದುವ ಚಕ್ರ ತಿರುಗಿಸಿ ತಿರುಗಿಸಿ ತೋಳು ಬಿದ್ದುಹೋದ ಮೇಲೆ ಕಾರು ಕೆಮ್ಮುತ್ತಾ ಎದ್ದೇಳುವುದು. ಗ್ಯಾಸಿನ ಕೊಳವೆ ಹಿಂದಿನ ಸೀಟಿನ ಅಡಿಯಿಂದಲೇ ಎಂಜಿನ್ನಿಗೆ ಹೋಗುತ್ತಿತ್ತು. ಕೂರಿಸಿದ ಅರಸೀಕೆರೆಯ ಮೆಕ್ಯಾನಿಕ್ಕು ಒಂದು ಮಾತು ಹೇಳಿದ್ದ: "ಈ ಗ್ಯಾಸು ವಿಷ. ಅದಕ್ಕೆ ವಾಸ್ನೆ ಇಲ್ಲ. ಅದರ ಜೊತೆಗೆ ಬರೋ ಹೊಗೆಗೆ ವಾಸ್ನೆ. ಒಳಗೆ ಚೂರು ಹೊಗೆ ವಾಸ್ನೆ ಬಂದ್ರೂ ಗಾಡಿ ತೆಗೀಬ್ಯಾಡಿ."

ಆ ಮಾತು ಕೇಳಿ ಡ್ರೈವರಣ್ಣ ನನ್ನ ಕಡೆ ನೋಡಿದರು. ನಾನು ತಲೆಯಾಡಿಸಿದೆ. ಮುಗ್ಗಲು ಹಿಡಿದರೆ ಯಾತ್ರಿಕರು ಮುಖ ಸಿಂಡರಿಸುತ್ತಾರೆ, ಅಷ್ಟೇ. ಇದು ಜೀವದ ಪ್ರಶ್ನೆ. ತಟ್ಟಿ ಪರದೆ ಎಲ್ಲ ಕಿತ್ತುಹಾಕೋಣ ಎಂದು ಡ್ರೈವರಣ್ಣ ಸಾಹುಕಾರರನ್ನು ಕೇಳಿದ್ದೂ ಉಂಟು. ಅವರು ಒಪ್ಪಲಿಲ್ಲ. ತಂಪಿಲ್ಲದಿದ್ದರೆ ಈ ಕಾರಿಗೂ ಬಸ್ಸಿಗೂ ಏನು ವ್ಯತ್ಯಾಸ ಎಂದರು. ಅಂದಿನಿಂದ ನನ್ನ ಕೆಲಸ ಎರಡಾಯಿತು. ಡ್ರಮ್ಮು ಹೊತ್ತಿಸಿ ಎಂಜಿನ್ನು ಓಡುತ್ತಿರುವಾಗ ಬಾಗಿಲುಗಳನ್ನು ಮುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ತೆರೆದು, ಮೂಗು ಹಾಕಿ ನೋಡುವುದು. ಎರಡು ಸಲ ನಾನು ಹೊಗೆ ಹಿಡಿದು ಹೇಳಿದ್ದೆ. ಎರಡು ಸಲವೂ ಕೊಳವೆಯ ಜಾಯಿಂಟು ಸಡಿಲಾಗಿತ್ತು.

ಆ ದಿನ. ಬೇಸಗೆ ರಜಕ್ಕೆ ಮುಂಚೆ, ಸ್ಕೂಲಿಗೆ ಇನ್‌ಸ್ಪೆಕ್ಟರು ಬರುವ ದಿನ. ಮೂರು ದಿನದಿಂದ ನನಗೆ ನೆಗಡಿ, ಮೂಗಿನ ಎರಡೂ ಹೊಳ್ಳೆ ಕಟ್ಟಿ ಬಾಯಲ್ಲಿ ಉಸಿರಾಡುತ್ತಿದ್ದೆ. ಪಂಚೆ ಉಟ್ಟು, ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದಾಗ ಕೂಗು ಬಂತು. ಇಳಿದು ಹೋದೆ. ಸಾಹುಕಾರರ ಅಕ್ಕ ಗಂಟು ಹಿಡಿದು ನಿಂತಿದ್ದರು, ತುಮಕೂರಿಗೆ ರೈಲು ಹಿಡಿಯಬೇಕಿತ್ತು. ಕೊಟ್ಟಿಗೆಯಲ್ಲಿ ಬೇರೆ ಯಾರೂ ಇರಲಿಲ್ಲ.

ತಲೆ ಒಳಗೆ ಹಾಕಿದೆ. ಏನೂ ಗೊತ್ತಾಗಲಿಲ್ಲ. ಲಾವಂಚವೂ ಇಲ್ಲ, ಹೊಗೆಯೂ ಇಲ್ಲ, ಏನೂ ಇಲ್ಲ. ನನಗೆ ನೆಗಡಿಯಾಗಿದೆ, ಬೇರೆಯವರನ್ನು ಕೇಳಿ ಎನ್ನಲು ಎಷ್ಟು ಹೊತ್ತು ಬೇಕಿತ್ತು? ಆ ತಾಯಿಗೇ ಒಂದು ಸಲ ಮೂಸಿ ನೋಡಿ ಅನ್ನಬಹುದಿತ್ತು. ಅನ್ನಲಿಲ್ಲ. ಅತ್ತ ಇನ್‌ಸ್ಪೆಕ್ಟರ ಗಾಬರಿ, ಇತ್ತ ನನ್ನ ಮೂಗಿನ ಜಂಬ.

"ಚೆನ್ನಾಗಿದೆ, ಹೊರಡಿ" ಎಂದೆ.

"ಮೇಷ್ಟ್ರು ಪಾಸು ಮಾಡಿದ್ರು!" ಎಂದು ನಗುತ್ತಾ ಅವರು ಹತ್ತಿ ಕೂತರು. ಡ್ರೈವರಣ್ಣ ನನ್ನನ್ನು ಒಂದು ಗಳಿಗೆ ನೋಡಿದರು. ಪರದೆ ಎಳೆದು, ತಟ್ಟಿಗೆ ನೀರು ಬಿಟ್ಟು ಹೊರಟರು.

ಮಧ್ಯಾಹ್ನ ಇನ್‌ಸ್ಪೆಕ್ಟರು ನಾಲ್ಕನೇ ತರಗತಿಯಲ್ಲಿ ಮಗ್ಗಿ ಕೇಳುತ್ತಿದ್ದಾಗ ಹೊರಗೆ ಸುದ್ದಿ ತಂದವರ ಗದ್ದಲ ಕೇಳಿಸಿತು. ಜಾವಗಲ್ಲಿನಲ್ಲಿ ಡ್ರಮ್ಮಿಗೆ ಇದ್ದಿಲು ಹಾಕಲು ನಿಲ್ಲಿಸಿದ ಡ್ರೈವರಣ್ಣ, ನೀರು ಬೇಕೇ ಅಮ್ಮಾವ್ರೇ ಎಂದು ಕೇಳಿ, ಉತ್ತರ ಬಾರದೆ ಪರದೆ ಸರಿಸಿದ್ದಾರೆ. ಆಕೆ ಸೀಟಿನಲ್ಲಿ ಪಕ್ಕಕ್ಕೆ ವಾಲಿಕೊಂಡಿದ್ದರು, ಕೆನ್ನೆ ಮಾತ್ರ ಕೆಂಪಗೆ, ನಿದ್ದೆ ಹೋದ ಮಗುವಿನ ಹಾಗೆ. ಹೊಗೆ ಅನ್ನಿಸಿದ್ದರೂ ಮೇಷ್ಟ್ರು ಪಾಸು ಮಾಡಿದ್ದಾರೆಂದು ಸುಮ್ಮನಿದ್ದರೋ ಏನೋ. ಹೊರಗೆಳೆದು ಮರದಡಿ ಮಲಗಿಸಿ, ಮುಖಕ್ಕೆ ನೀರು ಚಿಮುಕಿಸಿ, ಹಿಂದಿನಿಂದ ಬಂದ ಬಸ್ಸು ನಿಲ್ಲಿಸಿ, ಅರಸೀಕೆರೆ ಆಸ್ಪತ್ರೆಗೆ ಸಾಗಿಸಿದ್ದರು. ಇಷ್ಟನ್ನೂ ಕೇಳಿದ ನಾನು ತರಗತಿಯ ಬಾಗಿಲಲ್ಲಿ ಗೋಡೆ ಹಿಡಿದು ನಿಂತೆ. ಇನ್‌ಸ್ಪೆಕ್ಟರು, "ಮೈ ಸರಿಯಿಲ್ಲವೇ, ಮೇಷ್ಟ್ರೇ?" ಎಂದು ಕೇಳಿದರು. "ನೆಗಡಿ" ಎಂದೆ. ಬೆಳಿಗ್ಗೆ ಹೊರಡದ ಮಾತು ಆಗ ಹೊರಟಿತು.

ಜೀವ ಉಳಿಯಿತು. ಮೂರು ದಿನಕ್ಕೆ ಕಣ್ಣು ಬಿಟ್ಟರು, ಎರಡು ವಾರಕ್ಕೆ ಬಸ್ತಿಹಳ್ಳಿಗೆ ಕರೆತಂದರು. ನಾನು ನೋಡಲು ಹೋದೆ. ಜಗುಲಿಯಲ್ಲಿ ಕೂತಿದ್ದವರು ನನ್ನನ್ನು ನೋಡಿ ಸೌಜನ್ಯದಿಂದ ನಕ್ಕು, "ಯಾವೂರಿನವರಪ್ಪ ನೀವು?" ಎಂದರು. ಆಮೇಲೆ ತಮ್ಮಷ್ಟಕ್ಕೆ ಸ್ತೋತ್ರ ಶುರುಮಾಡಿದರು. ಒಂದನೇ ಸಾಲು, ಎರಡನೇ ಸಾಲು, ಮೂರನೆಯದರ ನಡುವೆ ನಿಂತರು. ಮತ್ತೆ ಮೊದಲಿನಿಂದ. ಮತ್ತೆ ಅಲ್ಲೇ ನಿಂತರು. ಸಾಹುಕಾರರು ತಲೆ ತಗ್ಗಿಸಿಕೊಂಡು ಒಳಗೆ ಹೋದರು. ನಾನು ಅಲ್ಲಿಂದ ಹೇಗೆ ಎದ್ದು ಬಂದೆನೋ ಇವತ್ತಿಗೂ ನೆನಪಿಲ್ಲ.

ಬೇಲೂರಿನ ಪೊಲೀಸ್ ಕಚೇರಿಯಲ್ಲಿ ವಿಚಾರಣೆ. ಅಲ್ಲಿದ್ದದ್ದು ಪೊಲೀಸ್ ಇನ್‌ಸ್ಪೆಕ್ಟರು, ಸಾಹುಕಾರರು, ಡ್ರೈವರಣ್ಣ, ನಾನು. ದಿನವೂ ಕಾರು ಮೂಸಿ ನೋಡುವ ಮೇಷ್ಟ್ರೆಂದು ನನಗೂ ಕರೆ ಬಂದಿತ್ತು. ಇಡೀ ದಾರಿ ನಾನು ನಿಶ್ಚಯ ಮಾಡಿಕೊಂಡು ಬಂದಿದ್ದೆ: ಇದ್ದದ್ದು ಇದ್ದಂತೆ ಹೇಳಿಬಿಡಬೇಕು. ಆದರೆ ಹೇಳಿದರೆ ಡ್ರೈವರಣ್ಣನ ಗುಟ್ಟೂ ಹೊರಬೀಳುತ್ತದಲ್ಲ ಎಂದು ಒಳಗೊಳಗೇ ಒಂದು ನೆಪವೂ ಹೊಂಚು ಹಾಕಿತ್ತು. ನೆಪ ಎಂದೇ ಕರೆಯುತ್ತೇನೆ, ಈಗ ಬೇರೆ ಹೆಸರು ಕೊಡಲಾರೆ.

"ಕೊಳವೆ ಸೋರಿದೆ. ಹೊಗೆ ವಾಸನೆ ಬರಲಿಲ್ಲವೇನಯ್ಯಾ ನಿನಗೆ?" ಎಂದು ಇನ್‌ಸ್ಪೆಕ್ಟರು ಡ್ರೈವರಣ್ಣನನ್ನು ಕೇಳಿದರು.

"ಬಂತು ಸ್ವಾಮಿ."

ನನ್ನ ಕಿವಿಯನ್ನೇ ನಾನು ನಂಬಲಿಲ್ಲ.

"ಬಂತು? ಬಂದ ಮೇಲೂ ಗಾಡಿ ತೆಗೆದೆಯಾ?"

"ತೆಗ್ದೆ ಸ್ವಾಮಿ. ರೈಲಿಗೆ ಹೊತ್ತಾಗಿತ್ತು. ತಪ್ಪಾಯ್ತು."

ಸಾಹುಕಾರರ ಮುಖ ಸುಣ್ಣದಂತಾಯಿತು. ಇಪ್ಪತ್ತು ವರ್ಷ ತಮ್ಮ ಮನೆಯಲ್ಲಿ ಉಂಡವನು ಗೊತ್ತಿದ್ದೂ ಅಕ್ಕನನ್ನು ಹೊಗೆಯಲ್ಲಿ ಕೂರಿಸಿಕೊಂಡು ಹೋದ ಎಂದು ಅವರು ನಂಬಿದ್ದನ್ನು ನಾನು ಕಣ್ಣಾರೆ ಕಂಡೆ. ಇನ್‌ಸ್ಪೆಕ್ಟರು ನನ್ನತ್ತ ತಿರುಗಿ, "ಮೇಷ್ಟ್ರೇ, ಅವತ್ತು ನೀವು ನೋಡಿದ್ದಿರಾ?" ಎಂದರು. ನಾನು ಬಾಯಿ ತೆರೆದೆ.

"ಅವತ್ತು ಮೇಷ್ಟ್ರನ್ನ ಕರೀಲೇ ಇಲ್ಲ ಸ್ವಾಮಿ" ಎಂದರು ಡ್ರೈವರಣ್ಣ. "ಅವರ ಸ್ಕೂಲಿಗೆ ಇನ್‌ಸ್ಪೆಕ್ಟರು ಬರೋ ದಿನ."

"ಹೌದೇ?"

ಅವತ್ತು ಬೆಳಿಗ್ಗೆ ಕೊಟ್ಟಿಗೆಯಲ್ಲಿ ಇದ್ದದ್ದು ಮೂವರು. ಒಬ್ಬರು ಸುಳ್ಳು ಹೇಳುತ್ತಿದ್ದರು. ಇನ್ನೊಬ್ಬರಿಗೆ ಮೂರನೇ ಸಾಲೇ ನೆನಪಿಲ್ಲ, ಮೇಷ್ಟ್ರು ಪಾಸು ಮಾಡಿದ್ದು ಎಲ್ಲಿ ನೆನಪಿರಬೇಕು? ಉಳಿದವನು ನಾನು. ಆ ಅರಿವು ಬಂದ ಕ್ಷಣದಲ್ಲಿ ನನ್ನೊಳಗೆ ಸಣ್ಣಗೆ ನೆಮ್ಮದಿ ಹುಟ್ಟಿತು. ಬೇರೆ ಎಲ್ಲ ಬಿಡಿ, ನನ್ನ ಬಗ್ಗೆ ನಾನು ಹೌಹಾರಿದ್ದು ಆ ನೆಮ್ಮದಿಯನ್ನು ಕಂಡು.

ನಾನು ತಲೆಯಾಡಿಸಿದೆ. ಹೌದೆಂದು.

ಲೈಸೆನ್ಸು ಅಲ್ಲೇ ಕಿತ್ತುಕೊಂಡರು. ಸಾಹುಕಾರರು ಜಟಕಾ ಹತ್ತಿ ಹೋದರು, ಹಿಂತಿರುಗಿ ನೋಡಲಿಲ್ಲ. ನಾವಿಬ್ಬರು ಕಚೇರಿಯ ಮುಂದೆ, ಬಸ್ಸು ನಿಲ್ಲುವ ಜಾಗದಲ್ಲಿ ನಿಂತೆವು.

"ಯಾಕೆ ಹಾಗೆ ಹೇಳಿದ್ರಿ? ನನ್ನನ್ನ ಕರೆದಿದ್ರಿ. ನಾನು ಚೆನ್ನಾಗಿದೆ ಅಂದೆ. ಅದು ಸುಳ್ಳು ಡ್ರೈವರಣ್ಣ. ಅವತ್ತು ನನಗೆ..."

"ನೆಗಡಿ ಆಗಿತ್ತು. ಗೊತ್ತಿತ್ತು" ಎಂದರು.

ಸಿಡಿಲು ಬಡಿದಂತಾಯಿತು. "ಗೊತ್ತಿತ್ತಾ?"

"ನನ್ ಮೂಗು ಸತ್ತೈತೆ ಮೇಷ್ಟ್ರೇ, ಕಿವಿ ಸತ್ತಿಲ್ಲ. ಮೂರು ದಿನದಿಂದ ನೀವು ಸೀನೋದು ಕೊಟ್ಟಿಗೇಗೆ ಕೇಳಿಸ್ತಿತ್ತು. ಅವತ್ತು ನಿಮ್ಮ ಮಾತೇ ಮೂಗು ಕಟ್ಕಂಡು ಬತ್ತಾ ಇತ್ತು. ಇವರಿಗೂ ಇವತ್ತು ನನ್ನಂಗೇ ಏನೂ ಗೊತ್ತಾಗ್ತಿಲ್ಲ ಅಂತ ನಂಗೆ ತಿಳೀತು." ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಂಡರು. "ಕೇಳ್ಬೋದಿತ್ತು. ಕೇಳಿದ್ರೆ ನೀವು ಹೂಂ ಅಂತಿದ್ರಿ, ಗಾಡಿ ನಿಲ್ಲಿಸ್ಬೇಕಾಗ್ತಿತ್ತು. ಯಾಕೆ ನಿಲ್ಲಿಸ್ದೆ ಅಂತ ಸಾಹುಕಾರ್ರು ಕೇಳೋರು. ಏನ್ ಹೇಳ್ಲಿ? ನೀವು ಚೆನ್ನಾಗೈತೆ ಅಂದ್ರಲ್ಲ, ನಂಗೆ ಬೇಕಾಗಿದ್ದೂ ಅದೇ ಮಾತು. ಹಿಡ್ಕಂಡು ಹೊಂಟ್ಬುಟ್ಟೆ."

ಕಾಲ ಹೆಬ್ಬೆರಳಿನಿಂದ ಒಂದು ಕಲ್ಲನ್ನು ಪಕ್ಕಕ್ಕೆ ಸರಿಸಿದರು.

"ಅದಕ್ಕೇ ವಾಸ್ನೆ ಬಂತು ಅಂದೆ. ಅದೊಂದು ಲೆಕ್ಕಕ್ಕೆ ಸುಳ್ಳಲ್ಲ ಮೇಷ್ಟ್ರೇ. ಗೊತ್ತಿದ್ದೂ ಹೋಗಿದ್ದೇ ನಾನು. ಇನ್ನು ಲೈಸೆನ್ಸು, ಅದು ಹೆಂಗೂ ಹೋಗ್ತಿತ್ತು. ಮೂಗಿಲ್ಲದೋನ್ನ ಇಟ್ಕಂಡಿದ್ರು ಅಂತ ಸಾಹುಕಾರ್ರಿಗೆ, ಸುಳ್ಳು ಹೇಳಿದ್ರು ಅಂತ ನಿಮಗೆ, ಎಲ್ರಿಗೂ ಯಾಕೆ? ಒಬ್ಬಂದು ಹೋದ್ರೆ ಸಾಕು."

ಹಳೇಬೀಡಿನ ಬಸ್ಸು ಬಂದು ನಿಂತಿತು. ಅವರು ಅದರತ್ತ ನೋಡಲಿಲ್ಲ. ಹಿಂದಿದ್ದ ಕಚೇರಿಯ ಕಡೆ ಕೈ ತೋರಿಸಿದರು.

"ಬಾಗ್ಲು ಇನ್ನೂ ತೆಗ್ದೇ ಐತೆ. ಹೇಳ್ಬೇಕು ಅಂತ ಮನಸ್ಸಿದ್ರೆ ಹೋಗಿ ಹೇಳ್ಬನ್ನಿ ಮೇಷ್ಟ್ರೇ. ನಾನೇನೂ ಬ್ಯಾಡ ಅನ್ನಲ್ಲ. ಇಲ್ಲೇ ನಿಂತಿರ್ತೀನಿ."

ತಮಾಷೆಯಿಲ್ಲ, ಚುಚ್ಚುಮಾತಿಲ್ಲ. ನಿಜವಾಗಿಯೂ ಕಾಯಲು ಸಿದ್ಧರಾಗಿ, ಬರಿಗಾಲನ್ನು ನೆರಳಿಗೆ ಸರಿಸಿಕೊಂಡು ನಿಂತರು. ಕಚೇರಿಯ ಬಾಗಿಲು ಇಪ್ಪತ್ತು ಹೆಜ್ಜೆ. ಒಳಗೆ ಇನ್‌ಸ್ಪೆಕ್ಟರು ಇನ್ನೂ ಏನೋ ಬರೆಯುತ್ತಾ ಕೂತಿದ್ದು ಕಾಣುತ್ತಿತ್ತು. ಕಂಡಕ್ಟರು ಹಳೇಬೀಡು ಹಳೇಬೀಡು ಎಂದು ಬಾಗಿಲು ತಟ್ಟಿದ.

ನಾನು ಬಸ್ಸು ಹತ್ತಿದೆ. ಒಳ್ಳೆಯ ಸೀಟೇ ಸಿಕ್ಕಿತು, ಕಿಟಕಿ ಪಕ್ಕ.